ಬಾಲ ಹೊತ್ತ ಕ್ರಿಯಾಪದಗಳು



ಇಂಗ್ಲಿಷರ ಮನೆಗಳಲ್ಲಿ ದೀಪ ಆರಿಸಬೇಕಾದರೆ 'ಟರ್ನ್ ಆಫ್ ದ ಲೈಟ್' ಅನ್ನುತ್ತಾರೆ. 'ಸ್ವಿಚ್ ಆಫ್' ಅನ್ನುವವರೂ ಉಂಟು. ನಾವು 'ಲೈಟ್ ಆಫ್ ಮಾಡು' ಅಂದು ಮುಗಿಸುತ್ತೇವೆ. 'ಟರ್ನ್' ಎಂಬ ಕ್ರಿಯಾಪದವನ್ನಾಗಲಿ 'ಸ್ವಿಚ್' ಎಂಬ ಕ್ರಿಯಾಪದವನ್ನಾಗಲಿ ನಾವು ಹೊಸಿಲು ದಾಟಿಸಲಿಲ್ಲ. ಅವುಗಳ ಹಿಂದೆ ಅಂಟಿಕೊಂಡಿದ್ದ 'ಆಫ್' ಒಂದನ್ನೇ ಒಳಗೆ ಕರೆದುಕೊಂಡೆವು. ಕ್ರಿಯೆಯ ಕೆಲಸಕ್ಕೆ ನಮ್ಮದೇ 'ಮಾಡು' ಇತ್ತಲ್ಲ, ಸಾಕಾಯಿತು. ಫ್ಯಾನ್ ಆನ್ ಮಾಡು, ಬ್ಯಾಟ್ಸ್‌ಮನ್ ಔಟ್ ಆದ, ಬ್ಯಾಂಕಿನಲ್ಲಿ ಸರ್ವರ್ ಡೌನ್ ಆಗಿದೆ, ಶರ್ಟ್ ಇನ್ ಮಾಡ್ಕೋ. ಎಲ್ಲ ಕಡೆಯೂ ತಲೆಯನ್ನು ಬಿಟ್ಟು ಬಾಲವನ್ನು ಹಿಡಿದಿದ್ದೇವೆ.

ಇದನ್ನು ಅರೆಬರೆ ಇಂಗ್ಲಿಷ್ ಎಂದು ನಗುವವರಿದ್ದಾರೆ. ನನಗೆ ಮಾತ್ರ ಇದರಲ್ಲಿ ಕಿವಿಯ ಜಾಣತನ ಕಾಣುತ್ತದೆ. 'ಟರ್ನ್ ಇಟ್ ಆಫ್' ಎಂದು ಇಂಗ್ಲಿಷಿನವರು ಹೇಳುವಾಗ ಕಿವಿಗೊಟ್ಟು ಕೇಳಿ. ಒತ್ತು ಬಂದು ಕೂರುವುದು ಕೊನೆಯ 'ಆಫ್' ಮೇಲೆ. ಆರುವುದೋ ಹೊತ್ತುವುದೋ ಎಂಬುದನ್ನು ತೀರ್ಮಾನಿಸುವುದೂ ಅದೇ. 'ಟರ್ನ್' ಎಂಬುದು ಎರಡು ಕೆಲಸಕ್ಕೂ ಒಂದೇ. ವ್ಯಾಕರಣದ ಪುಸ್ತಕ ಮುಟ್ಟದವರೂ ಸಾರ ಎಲ್ಲಿದೆಯೋ ಅದನ್ನು ಆರಿಸಿಕೊಂಡರು. ಆಮೇಲೆ ನಮ್ಮ ಮಕ್ಕಳು ಅದನ್ನು ತಿರುಗಿ ಇಂಗ್ಲಿಷಿಗೇ ಒಯ್ದು 'ಆಫ್ ದ ಲೈಟ್', 'ಆನ್ ದ ಫ್ಯಾನ್' ಅಂದರು. ಸಿಂಗಪುರದ ಜನ ಕೂಡ ಹಾಗೇ ಅನ್ನುತ್ತಾರೆ. ಮೇಷ್ಟರು ಕೆಂಪು ಶಾಯಿಯಲ್ಲಿ ಗೀಟು ಹಾಕುತ್ತಾರೆ, ಹಾಕಲಿ. ಬೆಲೆ ಏರಿಸಿದರು ಎನ್ನಲು 'ಅಪ್ಡ್ ದ ಪ್ರೈಸ್' ಎಂದೂ, ಒಂದೇ ಗುಟುಕಿಗೆ ಲೋಟ ಖಾಲಿ ಮಾಡಿದ ಎನ್ನಲು 'ಡೌನ್ಡ್ ದ ಗ್ಲಾಸ್' ಎಂದೂ ಇಂಗ್ಲಿಷಿನವರೇ ಬಾಲವನ್ನು ಕ್ರಿಯಾಪದ ಮಾಡಿಕೊಂಡಿರುವಾಗ, ನಮ್ಮ ಮಕ್ಕಳು ಆ ಭಾಷೆಯ ಸ್ವಭಾವವನ್ನು ಮೀರಿ ಏನೂ ಹೋಗಿಲ್ಲ.

ಇಂಗ್ಲಿಷಿನಲ್ಲಿ ಇಂಥ ಜೋಡಿಗಳಿಗೆ 'ಫ್ರೇಸಲ್ ವರ್ಬ್' ಎಂದು ಹೆಸರು. ಒಂದು ಸಣ್ಣ ಕ್ರಿಯಾಪದ, ಅದರ ಹಿಂದೆ 'ಅಪ್', 'ಔಟ್', 'ಆಫ್', 'ಡೌನ್' ಮುಂತಾದ ಒಂದು ಬಾಲ. ಇವುಗಳ ಪಟ್ಟಿಯನ್ನು ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವವರೆಲ್ಲ ಉರು ಹೊಡೆದಿರುತ್ತಾರೆ. ಪಟ್ಟಿ ಬಾಯಿಗೆ ಬಂದ ಮೇಲೂ ವಾಕ್ಯ ಮಾಡುವಾಗ ಎಡವುವುದು ಇನ್ನೊಂದು ಕಡೆ. 'ಬೇಗ', 'ನಿಧಾನವಾಗಿ', 'ಪೂರ್ತಿಯಾಗಿ' ಎಂಬ ಕ್ರಿಯಾವಿಶೇಷಣವನ್ನು ಈ ಜೋಡಿಯ ಮುಂದೆ ಇಡಬೇಕೋ, ಹಿಂದೆ ಇಡಬೇಕೋ, ನಡುವೆ ತೂರಿಸಬೇಕೋ? ಇದು ಪರೀಕ್ಷೆಯವರಿಗೆ ಎರಡು ಅಂಕದ ಪ್ರಶ್ನೆ ಇರಬಹುದು. ಆದರೆ ಆ ಜೋಡಿ ಇನ್ನೂ ಎರಡು ಪದವೋ, ಬೆಸೆದು ಒಂದಾಗಿಬಿಟ್ಟಿದೆಯೋ ಎಂಬುದು ಗೊತ್ತಾಗುವುದು ಕ್ರಿಯಾವಿಶೇಷಣ ನಡುವೆ ನುಸುಳಲು ನೋಡಿದಾಗಲೇ. ಈ ಹೊತ್ತಿನ ಮಾತು ಅದರ ಬಗ್ಗೆ.

ಈ ಜೋಡಿಗಳ ಕಾಟ ಹೊಸದಲ್ಲ. ಲಂಡನ್ನಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತಮ್ಮ ದೊಡ್ಡ ನಿಘಂಟನ್ನು ಹೊರತಂದಾಗ, ಮುನ್ನುಡಿಯಲ್ಲೇ ಇವುಗಳ ಬಗ್ಗೆ ಬರೆದರು. ಇಂಗ್ಲಿಷಿನಲ್ಲಿ ಇವುಗಳ ಬಳಕೆ ಬಹಳ ಹೆಚ್ಚು, ಪರದೇಶದವರಿಗೆ ಇವು ತುಂಬ ತೊಂದರೆ ಕೊಡುತ್ತವೆ, ಹಲವುಗಳ ಅರ್ಥ ಯಾವ ಕಟ್ಟಿಗೂ ಸಿಗದು, ಹಾಗಾಗಿ ಎಚ್ಚರದಿಂದ ಗುರುತಿಸಿದ್ದೇನೆ ಎಂಬುದು ಅಲ್ಲಿನ ಮಾತಿನ ಸಾರಾಂಶ. 'ಟೇಕ್' ಎಂಬ ಒಂದು ಕ್ರಿಯಾಪದಕ್ಕೇ ಅವರು 134 ಅರ್ಥ ಕೊಡಬೇಕಾಯಿತು. ಆದರೆ ಈ ಜಾತಿಗೆ ಹೆಸರಿಡಲು ಇನ್ನೂ ನೂರೈವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. 'ಫ್ರೇಸಲ್ ವರ್ಬ್' ಎಂಬ ಹೆಸರನ್ನು 1925ರ ತಮ್ಮ ಪುಸ್ತಕದಲ್ಲಿ ಬಳಸಿದವರು ಲೋಗನ್ ಪಿಯರ್ಸಲ್ ಸ್ಮಿತ್. ಹೆಸರು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರಾಡ್ಲಿ ಎಂದೂ ಅವರೇ ತಿಳಿಸಿದ್ದಾರೆ.

ನಮಗೆ ಇದು ಅಪರಿಚಿತ ಸಂಗತಿಯೇನಲ್ಲ. ಸಂಸ್ಕೃತ ಪಾಠದಲ್ಲಿ ಉಪಸರ್ಗ ಬಂದ ಕೂಡಲೇ ಪಂಡಿತರು ಕೊಡುವ ಉದಾಹರಣೆ ಎಲ್ಲರಿಗೂ ನೆನಪಿರುತ್ತದೆ. 'ಹಾರ' ಒಂದೇ. 'ಪ್ರ' ಸೇರಿದರೆ ಪ್ರಹಾರ, ಅಂದರೆ ಏಟು. 'ಆ' ಸೇರಿದರೆ ಊಟ. 'ಸಂ' ಸೇರಿದರೆ ಕೊಲೆ. 'ವಿ' ಸೇರಿದರೆ ತಿರುಗಾಟ. ಒಯ್ಯುವುದು ಎಂಬ ಮೂಲ ಅರ್ಥ ಇವುಗಳಲ್ಲಿ ಎಲ್ಲಿ ಅಡಗಿದೆಯೋ ಹುಡುಕಬೇಕು. ಇಂಗ್ಲಿಷಿನ ಬಾಲ ಮಾಡುವುದೂ ಇದನ್ನೇ. 'ಪುಟ್' ಎಂದರೆ ಇಡು. 'ಪುಟ್ ಆಫ್' ಅಂದರೆ ಮುಂದೂಡು, 'ಪುಟ್ ಔಟ್' ಅಂದರೆ ಆರಿಸು, 'ಪುಟ್ ಆನ್' ಅಂದರೆ ತೊಡು, 'ಪುಟ್ ಅಪ್ ವಿತ್' ಅಂದರೆ ಸಹಿಸಿಕೊ.

ಉಪಸರ್ಗದಲ್ಲಿ ಇನ್ನೊಂದು ಸೊಗಸಿದೆ. ನಮಗೆ ತಿಳಿದ ಸಂಸ್ಕೃತದಲ್ಲಿ ಅದು ಧಾತುವಿಗೆ ಮುಂದುಗಡೆ ಅಂಟಿಯೇ ಇರುತ್ತದೆ. ವೇದದಲ್ಲಿ ಹಾಗಲ್ಲ. ಅಲ್ಲಿ ಉಪಸರ್ಗ ಒಂದು ಕಡೆ, ಕ್ರಿಯಾಪದ ಇನ್ನೊಂದು ಕಡೆ, ನಡುವೆ ಬೇರೆ ಪದಗಳು. ಒಮ್ಮೊಮ್ಮೆ ಕ್ರಿಯಾಪದವಾದ ಮೇಲೆ ಬರುವುದೂ ಉಂಟು. ಪಾಣಿನಿ ಇದನ್ನು ಗಮನಿಸಿ ಅಷ್ಟಾಧ್ಯಾಯಿಯಲ್ಲಿ ಸೂತ್ರ ಮಾಡಿಟ್ಟಿದ್ದಾನೆ: ಉಪಸರ್ಗ ಧಾತುವಿಗೆ ಮೊದಲು, ಛಂದಸ್ಸಿನಲ್ಲಿ, ಅಂದರೆ ವೇದದಲ್ಲಿ, ಆಮೇಲೂ ಆಗಬಹುದು, ನಡುವೆ ತೆರಪು ಬಿಟ್ಟೂ ಆಗಬಹುದು. ಬಿಡಿಬಿಡಿಯಾಗಿದ್ದದ್ದು ಕಾಲ ಕಳೆದಂತೆ ಬೆಸೆದುಕೊಂಡಿತು.

ಇಂಗ್ಲಿಷ್ ಇದರ ಉಲ್ಟಾ ದಾರಿ ಹಿಡಿಯಿತು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಕ್ರಿಯಾಪದದ ಮುಂದೆ ಅಂಟಿದ ಇಂಥ ಪೂರ್ವಪದಗಳು ಧಾರಾಳವಾಗಿದ್ದವು. ಆಮೇಲೆ ಅವು ಸವೆದವು, ಕಳಚಿದವು, ಕ್ರಿಯಾಪದದ ಹಿಂದೆ ಬಂದು ನಿಂತವು. ಉತ್ತರದಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ ನಾರ್ಸ್ ಭಾಷಿಕರ ಒಡನಾಟ ಇದಕ್ಕೆ ಒತ್ತಾಸೆಯಾಯಿತು ಎನ್ನುವ ವಿದ್ವಾಂಸರಿದ್ದಾರೆ. ಒಡಹುಟ್ಟಿದ ಜರ್ಮನ್ ಇನ್ನೂ ನಡುದಾರಿಯಲ್ಲಿದೆ: ನಿಘಂಟಿನಲ್ಲಿ ಮುಂದೆ ಅಂಟಿಕೊಂಡಿರುವ ಪದ ವಾಕ್ಯಕ್ಕೆ ಇಳಿದ ಕೂಡಲೇ ಕಳಚಿಕೊಂಡು ವಾಕ್ಯದ ತುದಿಗೆ ಓಡುತ್ತದೆ. ನಮಗೆ 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಕೊಟ್ಟ ಕಿಟೆಲ್ಲರ ತಾಯ್ನುಡಿ ಅದು. ಈ ಬಾಲಗಳ ಆಟ ಅವರಿಗೆ ಹುಟ್ಟಿನಿಂದ ಗೊತ್ತಿದ್ದದ್ದೇ.

ಹಳೆಯ ಅಂಟುಗಳ ಉಳಿಕೆ ಇಂದಿನ ಇಂಗ್ಲಿಷಿನಲ್ಲೂ ಇದೆ, ಹೊಸ ಬಾಲದ ಪಕ್ಕದಲ್ಲೇ. 'ಓವರ್‌ಟೇಕ್' ಅಂದರೆ ಹಿಂದಿಕ್ಕು. 'ಟೇಕ್ ಓವರ್' ಅಂದರೆ ಅಧಿಕಾರ ವಹಿಸಿಕೊ. 'ಅಪ್‌ಸೆಟ್' ಅಂದರೆ ಕೆಡಿಸು; 'ಸೆಟ್ ಅಪ್' ಅಂದರೆ ಕಟ್ಟಿ ನಿಲ್ಲಿಸು. 'ಓವರ್‌ಲುಕ್' ಅಂದರೆ ಕಣ್ತಪ್ಪಿ ಬಿಡು. 'ಲುಕ್ ಓವರ್' ಅಂದರೆ ಕಣ್ಣಾಡಿಸಿ ನೋಡು. ಕಡತವನ್ನು 'ಓವರ್‌ಲುಕ್' ಮಾಡಿ ಎಂದು ಮೇಲಧಿಕಾರಿಗೆ ಬರೆದ ಗುಮಾಸ್ತನ ಪಾಡು ಏನಾಗಬಹುದು, ಯೋಚಿಸಿ.

ಇನ್ನು ಫ್ರೆಂಚ್ ಮತ್ತು ಲ್ಯಾಟಿನ್ನಿನಿಂದ ಬಂದ ಗಂಭೀರ ಪದಗಳ ದಂಡೇ ಒಂದಿದೆ. 'ಪುಟ್ ಔಟ್' ಬದಲು 'ಎಕ್ಸ್‌ಟಿಂಗ್ವಿಶ್', 'ಪುಟ್ ಆಫ್' ಬದಲು 'ಪೋಸ್ಟ್‌ಪೋನ್', 'ಗಿವ್ ಅಪ್' ಬದಲು 'ಸರೆಂಡರ್', 'ಲುಕ್ ಇಂಟು' ಬದಲು 'ಇನ್ವೆಸ್ಟಿಗೇಟ್'. ಇಂಗ್ಲಿಷರ ಮಗು ಅಡುಗೆಮನೆಯಲ್ಲಿ ಮೊದಲ ಜಾತಿಯದನ್ನು ಕಲಿತು, ಶಾಲೆಗೆ ಹೋದ ಮೇಲೆ ಎರಡನೆಯದನ್ನು ಕಲಿಯುತ್ತದೆ. ನಮ್ಮದು ತಿರುಗುಮುರುಗು. ಕಚೇರಿ, ಕೋರ್ಟು, ಪಠ್ಯಪುಸ್ತಕಗಳ ಮೂಲಕ ಇಂಗ್ಲಿಷ್ ಬಂದದ್ದರಿಂದ ದೊಡ್ಡ ಪದಗಳು ನಮಗೆ ಸಲೀಸು, ಸಣ್ಣವು ತೊಡಕು. 'ಪೋಸ್ಟ್‌ಪೋನ್' ಎಷ್ಟು ಒಗ್ಗಿಹೋಯಿತೆಂದರೆ ಅದರ ಎದುರಿಗೆ 'ಪ್ರಿಪೋನ್' ಎಂಬುದನ್ನೂ ನಮ್ಮ ದೇಶ ಚಲಾವಣೆಗೆ ತಂದಿತು; ಅದು ಈಗ ಆಕ್ಸ್‌ಫರ್ಡ್ ನಿಘಂಟಿನಲ್ಲೂ ಇದೆ. ಇಂಗ್ಲಿಷಿನವರ 'ಬ್ರಿಂಗ್ ಫಾರ್ವರ್ಡ್'ಗಿಂತ ನಮ್ಮದೇ ಸ್ಪಷ್ಟ ಎಂಬುದು ನನ್ನ ಅಭಿಪ್ರಾಯ.

ಈಗ ಕ್ರಿಯಾವಿಶೇಷಣದ ಕಡೆಗೆ ಬರೋಣ.

ಕನ್ನಡದಲ್ಲಿ ಅದಕ್ಕೆ ಓಡಾಡಲು ಜಾಗ ಜಾಸ್ತಿ. 'ಅವನು ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಾನೆ' ಅನ್ನಿ, 'ಇಂಗ್ಲಿಷ್ ಚೆನ್ನಾಗಿ ಮಾತಾಡುತ್ತಾನೆ' ಅನ್ನಿ, ಎರಡೂ ಸರಿ. ಕ್ರಿಯಾಪದ ಕೊನೆಗೆ ಬರುವುದರಿಂದ ಅದರ ಮುಂದೆ ಯಾರು ಎಲ್ಲಿ ಕೂತರೂ ನಡೆಯುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೂ ಅದರ ಕರ್ಮಪದಕ್ಕೂ ನಡುವಿನ ಜಾಗ ಹೆಚ್ಚುಕಡಿಮೆ ಮುಚ್ಚಿದ ಬಾಗಿಲು. ಆದ್ದರಿಂದಲೇ 'ಹಿ ಸ್ಪೀಕ್ಸ್ ವೆಲ್ ಇಂಗ್ಲಿಷ್' ಎಂದಾಗ ಕೇಳಿದವರು ಹುಬ್ಬು ಗಂಟಿಕ್ಕುತ್ತಾರೆ. 'ವೆಲ್' ಕೊನೆಗೆ ಹೋಗಬೇಕು.

ಬಾಲದ ಕ್ರಿಯಾಪದದಲ್ಲಿ ಕ್ರಿಯೆಗೂ ಬಾಲಕ್ಕೂ ನಡುವೆ ಇನ್ನೊಂದು ಮುಚ್ಚಿದ ಬಾಗಿಲಿದೆ, ಅದರೊಳಗೆ ಒಬ್ಬರಿಗೆ ಮಾತ್ರ ಪ್ರವೇಶವುಂಟು: ಕರ್ಮಪದಕ್ಕೆ. 'ಟರ್ನ್ ಆಫ್ ದ ಲೈಟ್' ಆಗುತ್ತದೆ, 'ಟರ್ನ್ ದ ಲೈಟ್ ಆಫ್' ಕೂಡ ಆಗುತ್ತದೆ. ಕರ್ಮಪದ ಉದ್ದವಾಗಿದ್ದರೆ ಹೊರಗೇ ಇರುವುದು ವಾಸಿ. ಅದು 'ಇಟ್', 'ದೆಮ್', 'ಹಿಮ್' ಮುಂತಾದ ಸರ್ವನಾಮವಾದರೆ ಒಳಗೇ ಬರಬೇಕು. 'ಟರ್ನ್ ಇಟ್ ಆಫ್' ಮಾತ್ರ ಸರಿ, 'ಟರ್ನ್ ಆಫ್ ಇಟ್' ಅಂದರೆ ತಪ್ಪು. ಒತ್ತು ಬಾಲಕ್ಕೆ ಬೇಕು. ಹಳೆಯ ಪರಿಚಯದ 'ಇಟ್' ಒತ್ತಿಲ್ಲದೆ ನಡುವೆ ಅಡಗಿಕೊಳ್ಳುತ್ತದೆ.

ಕ್ರಿಯಾವಿಶೇಷಣಕ್ಕೆ ಆ ರಿಯಾಯಿತಿ ಇಲ್ಲ. 'ಹಿ ಕ್ವಿಕ್ಲಿ ಟರ್ನ್ಡ್ ಆಫ್ ದ ಲೈಟ್' ಅನ್ನಬಹುದು. 'ಹಿ ಟರ್ನ್ಡ್ ದ ಲೈಟ್ ಆಫ್ ಕ್ವಿಕ್ಲಿ' ಅಂತಲೂ ಅನ್ನಬಹುದು. 'ಟರ್ನ್ಡ್ ಕ್ವಿಕ್ಲಿ ಆಫ್ ದ ಲೈಟ್' ಆಗದು. ಹಾಗಾದರೆ ಕ್ರಿಯಾಪದಕ್ಕೂ ಬಾಲಕ್ಕೂ ನಡುವೆ ಕ್ರಿಯಾವಿಶೇಷಣ ಬರಲೇಬಾರದು ಎಂದು ಸೂತ್ರ ಬರೆದಿಡೋಣವೇ? ಬರೆಯುವುದಕ್ಕೆ ಮುಂಚೆ 'ಶಿ ವಾಕ್ಡ್ ಸ್ಲೋಲಿ ಔಟ್' ಎಂಬ ವಾಕ್ಯ ಅಡ್ಡ ಬರುತ್ತದೆ. ನಿಧಾನವಾಗಿ ನಡೆದು ಹೊರಗೆ ಹೋದಳು. 'ಸ್ಲೋಲಿ' ನಡುವೆಯೇ ಕೂತಿದೆ, ಯಾರಿಗೂ ಕಿರಿಕಿರಿಯಿಲ್ಲ. 'ಹಿ ಕೇಮ್ ಕ್ವಿಕ್ಲಿ ಬ್ಯಾಕ್' ಕೂಡ ಸರಿ. ಆದರೆ 'ದ ಕಾರ್ ಬ್ರೋಕ್ ಸಡನ್ಲಿ ಡೌನ್' ತಪ್ಪು. 'ದ ಚೈಲ್ಡ್ ಗ್ರೂ ಕ್ವಿಕ್ಲಿ ಅಪ್' ತಪ್ಪು. 'ದ ಪ್ಲೇನ್ ಟುಕ್ ಸ್ಮೂತ್ಲಿ ಆಫ್' ತಪ್ಪು.

ವ್ಯತ್ಯಾಸ ಇಷ್ಟೇ. ನಡೆದು ಹೊರಗೆ ಹೋದವಳ ವಾಕ್ಯದಲ್ಲಿ 'ಔಟ್' ತನ್ನ ಸ್ವಂತ ಅರ್ಥವನ್ನು ಇಟ್ಟುಕೊಂಡಿದೆ. ಹೊರಗೆ ಅಂದರೆ ಹೊರಗೇ. ಕಾರು ಕೆಟ್ಟುನಿಂತಾಗ 'ಡೌನ್' ಅಂದರೆ ಕೆಳಗೆ ಎಂದಲ್ಲ. ಮಗು ಬೆಳೆದಾಗ 'ಅಪ್' ಮೇಲಕ್ಕೆ ಎಂದೂ ಅಲ್ಲ, ಮಗು ದೊಡ್ಡದಾಯಿತು ಎಂಬ ಒಟ್ಟು ಅರ್ಥದಲ್ಲಿ ಕರಗಿಹೋಗಿದೆ. ಕರಗಿದ ಮೇಲೆ ಒಳಗೆ ಜಾಗವಿಲ್ಲ. ದಿಕ್ಕು ತೋರಿಸುವ ಬಾಲವನ್ನು ವಾಕ್ಯದ ಮುಂದಕ್ಕೂ ಎಳೆಯಬಹುದು, 'ಅಪ್ ವೆಂಟ್ ದ ಬಲೂನ್' ಎಂಬಂತೆ. 'ಅಪ್ ಗ್ರೂ ದ ಚೈಲ್ಡ್' ಅಂದರೆ ಕೇಳಿದವರು ಮಗುವೇನು ಗಿಡವೇ ಎಂದಾರು.

ಇದನ್ನು ಎದೆಗೆ ತಟ್ಟುವಂತೆ ತೋರಿಸುವ ಒಂದು ಜೋಡಿಯಿದೆ. 'ಹಿಲ್' ಅಂದರೆ ಗುಡ್ಡ, 'ಬಿಲ್' ಅಂದರೆ ಹೋಟೆಲಿನ ಬಿಲ್ಲು. 'ಹಿ ರ್‍ಯಾನ್ ಅಪ್ ದ ಹಿಲ್', ಗುಡ್ಡ ಹತ್ತಿ ಓಡಿದ. 'ಹಿ ರ್‍ಯಾನ್ ಅಪ್ ಎ ಬಿಗ್ ಬಿಲ್', ದೊಡ್ಡ ಬಿಲ್ಲು ಏರಿಸಿಕೊಂಡ. ಕಾಗದದ ಮೇಲೆ ಎರಡೂ ಅವಳಿಜವಳಿ. ಈಗ 'ಕ್ವಿಕ್ಲಿ' ಎಂಬುದನ್ನು ತೂರಿಸಿ ನೋಡಿ. 'ರ್‍ಯಾನ್ ಕ್ವಿಕ್ಲಿ ಅಪ್ ದ ಹಿಲ್' ನಿರಾಳವಾಗಿ ನಡೆಯುತ್ತದೆ. 'ರ್‍ಯಾನ್ ಕ್ವಿಕ್ಲಿ ಅಪ್ ಎ ಬಿಲ್' ಅಂದಿರೋ, ಕೆಟ್ಟಿತು. ಬಿಲ್ಲನ್ನು ನಡುವೆ ತಂದು 'ರ್‍ಯಾನ್ ಎ ಬಿಲ್ ಅಪ್' ಅನ್ನಬಹುದು; ಗುಡ್ಡವನ್ನು ಹಾಗೆ ನಡುವೆ ತರಲಾಗದು. ಮೊದಲ ವಾಕ್ಯದಲ್ಲಿ 'ಅಪ್' ಗುಡ್ಡದ ಕಡೆಯವನು, ಎರಡನೆಯದರಲ್ಲಿ ಓಟದ ಕಡೆಯವನು.

ಕನ್ನಡದಲ್ಲೂ ಇದೇ ಪರೀಕ್ಷೆ ನಡೆಯುತ್ತದೆ. ನಮ್ಮಲ್ಲಿ ಬಾಲದ ಕೆಲಸ ಮಾಡುವುದು ಎರಡನೆಯ ಕ್ರಿಯಾಪದ: ಬಿಡು, ಹೋಗು, ಹಾಕು, ಕೊಳ್ಳು. 'ಈಟ್ ಅಪ್' ಅನ್ನು ಕನ್ನಡದ ತಾಯಿ 'ತಿಂದುಬಿಡು' ಅನ್ನುತ್ತಾಳೆ. ಆ 'ಬಿಡು'ವಿನಲ್ಲಿ ಏನನ್ನೂ ಬಿಡುವ ಮಾತಿಲ್ಲ, ತಟ್ಟೆಯಲ್ಲಿ ಏನೂ ಉಳಿಸಬೇಡ ಎಂಬುದೇ ಅರ್ಥ. 'ನೋಟ್ ಡೌನ್' ಅಂದರೆ ಬರೆದುಕೊ. ಈಗ ನಡುವೆ 'ಬೇಗ' ಸೇರಿಸಿ. 'ಬೇಗ ತಿಂದುಬಿಟ್ಟ' ಸರಿ. 'ತಿಂದು ಬೇಗ ಬಿಟ್ಟ' ಅಂದರೆ ತಿಂದಾದ ಮೇಲೆ ಊರು ಬಿಟ್ಟನೋ, ಕೆಲಸ ಬಿಟ್ಟನೋ ಎಂದು ಕೇಳಬೇಕಾಗುತ್ತದೆ. 'ಅವಳು ಓಡಿಹೋದಳು' ಎಂಬುದಕ್ಕೆ ಊರಿನಲ್ಲಿ ಒಂದು ಅರ್ಥ ಉಂಟಲ್ಲ, 'ಓಡಿ ಬೇಗ ಹೋದಳು' ಅಂದ ಕೂಡಲೇ ಆ ಅರ್ಥ ಹಾರಿಹೋಗಿ, ಬಸ್ಸು ಹಿಡಿಯಲು ಓಡಿದ ಹೆಣ್ಣುಮಗಳು ಮಾತ್ರ ಉಳಿಯುತ್ತಾಳೆ. ನಮ್ಮ ಬೆಸುಗೆಯೊಳಗೆ ನುಸುಳಬಲ್ಲದ್ದು ಒತ್ತು ಕೊಡುವ 'ಏ'ಯಂಥ ಪ್ರತ್ಯಯ ಮಾತ್ರ: ತಿಂದೇಬಿಟ್ಟ, ಬಂದೇಬಿಟ್ಟ, ಸತ್ತೇಹೋದ.

ಇಂಗ್ಲಿಷಿನಲ್ಲೂ ಹೀಗೆ ನುಸುಳಲು ಪರವಾನಗಿ ಪಡೆದ ನಾಲ್ಕಾರು ಪುಟ್ಟ ಪದಗಳಿವೆ: 'ರೈಟ್', 'ಸ್ಟ್ರೇಟ್', 'ವೆಲ್', 'ಆಲ್'. 'ಕಮ್ ರೈಟ್ ಇನ್' ಅಂದರೆ ಸಂಕೋಚ ಬೇಡ, ಬನ್ನಿ ಒಳಗೆ. 'ಗೋ ಸ್ಟ್ರೇಟ್ ಬ್ಯಾಕ್' ಅಂದರೆ ಎಲ್ಲೂ ನಿಲ್ಲದೆ ವಾಪಸು ಹೋಗು. 'ಫೆಲ್ ವೆಲ್ ಬಿಹೈಂಡ್' ಅಂದರೆ ಬಹಳ ಹಿಂದೆ ಬಿದ್ದ. ಇಲ್ಲಿ 'ರೈಟ್' ಅಂದರೆ ಬಲಗಡೆಯೂ ಅಲ್ಲ, ಸರಿ ಎಂದೂ ಅಲ್ಲ. ಇವು ವರ್ಣಿಸುವುದು ಬಾಲವನ್ನು. ಕ್ರಿಯಾಪದದ ಗೊಡವೆ ಇವಕ್ಕಿಲ್ಲ. ಕ್ರಿಕೆಟ್ಟಿನ 'ಆಲ್ ಔಟ್' ನಮಗೆಲ್ಲ ಗೊತ್ತು. ಆ 'ಆಲ್' ಜೊತೆಗೇ ಬಾಲವನ್ನು ಎತ್ತಿಕೊಂಡು 'ಆಲ್ ಔಟ್ ಆದರು' ಎಂದು ಕನ್ನಡದ ಕಾಮೆಂಟರಿಯಲ್ಲಿ ಹೇಳಿದಾಗ ಕ್ರಿಯಾಪದದ ಕೊರತೆ ಯಾರಿಗೂ ಕಾಣಲಿಲ್ಲ.

'ಲುಕ್ ಅಟ್', 'ಲಿಸನ್ ಟು', 'ಡಿಪೆಂಡ್ ಆನ್' ಇವುಗಳದು ಬೇರೆಯೇ ಕುಲ. ಇಲ್ಲಿ ಬಾಲದ ಹಾಗೆ ಕಾಣುವುದು ನಮ್ಮ ವಿಭಕ್ತಿ ಪ್ರತ್ಯಯದ ಕೆಲಸ ಮಾಡುತ್ತಿರುತ್ತದೆ, ಒತ್ತೂ ಅದರ ಮೇಲೆ ಬೀಳುವುದಿಲ್ಲ. ಹಾಗಾಗಿ ನಡುವೆ ಬೇಕಾದಷ್ಟು ಜಾಗ: 'ಲುಕ್ ಕ್ಲೋಸ್ಲಿ ಅಟ್', 'ಲಿಸನ್ ಕೇರ್‌ಫುಲ್ಲಿ ಟು', 'ಡಿಪೆಂಡ್ ಎಂಟೈರ್ಲಿ ಆನ್'. ಆದರೆ ಅದೇ 'ಲುಕ್' ಹಿಂದೆ 'ಆಫ್ಟರ್' ಬಂದು, ನೋಡಿಕೊ, ಸಲಹು ಎಂಬ ಅರ್ಥ ಕಟ್ಟಿದ ಮೇಲೆ ಬಾಗಿಲು ಮತ್ತೆ ಮುಚ್ಚುತ್ತದೆ. ತಾಯಿಯನ್ನು ಚೆನ್ನಾಗಿ ನೋಡಿಕೊಂಡಳು ಎನ್ನಲು 'ಲುಕ್ಡ್ ಆಫ್ಟರ್ ಹರ್ ಮದರ್ ವೆಲ್' ಎಂದು 'ವೆಲ್' ಅನ್ನು ಕೊನೆಗೇ ಕಳಿಸಬೇಕು.

ಎರಡು ಬಾಲ ಹೊತ್ತವೂ ಇವೆ. ಅಲ್ಲಿ ಕ್ರಿಯಾವಿಶೇಷಣ ಮೊದಲ ಬಾಲದ ಮುಂದಕ್ಕೆ ಹೋಗುವುದಿಲ್ಲ, ಎರಡು ಬಾಲಗಳ ನಡುವೆ ಬಂದು ಕೂರುತ್ತದೆ. 'ಗೆಟ್ ಆನ್ ವೆಲ್ ವಿತ್' ಅಂದರೆ ಚೆನ್ನಾಗಿ ಹೊಂದಿಕೊಂಡಿರು. 'ಲುಕ್ ಫಾರ್ವರ್ಡ್ ಈಗರ್ಲಿ ಟು' ಅಂದರೆ ಕಾತರದಿಂದ ಎದುರು ನೋಡು. ಬೆಸುಗೆ ಮೊದಲ ಎರಡು ಪದಗಳಿಗೆ, ಮೂರನೆಯದು ವಿಭಕ್ತಿ, ಸಂದು ಇರುವುದು ಆ ಬೆಸುಗೆಗೂ ಮೂರನೆಯದಕ್ಕೂ ನಡುವೆ. ಪಟ್ಟಿಯನ್ನು ಉರು ಹೊಡೆಯುವುದಕ್ಕಿಂತ ಈ ಸಂದು ಎಲ್ಲಿದೆ ಎಂದು ಕಿವಿಯಿಂದ ಹುಡುಕುವುದು ಮೇಲು ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಅವರು ಪಟ್ಟಿಯನ್ನೇ ಕೇಳುತ್ತಾರೆ.

ವಾಕ್ಯದ ಕೊನೆಯಲ್ಲಿ ವಿಭಕ್ತಿಯಂತೆ ದುಡಿಯುವ ಇಂಥ ಬಾಲಗಳು ಬರಬಾರದು ಎಂಬ ಮಡಿಯೊಂದು ಇಂಗ್ಲಿಷಿನಲ್ಲಿ ಬಹುಕಾಲ ಇತ್ತು. ಕವಿ ಡ್ರೈಡನ್ 1672ರಲ್ಲಿ ನಾಟಕಕಾರ ಬೆನ್ ಜಾನ್ಸನ್ನನ ವಾಕ್ಯಗಳಲ್ಲಿ ಇದನ್ನು ದೋಷವೆಂದು ಎತ್ತಿ ತೋರಿಸಿದ. ಲ್ಯಾಟಿನ್ನಿನಲ್ಲಿ ಹಾಗೆ ಬರುವುದಿಲ್ಲ ಎಂಬುದೇ ಇಂಥ ಮಡಿಗೆ ಬೆನ್ನೆಲುಬು. ಈ ನಿಯಮವನ್ನು ಪಾಲಿಸಲು ಹೋಗಿ 'ಪುಟ್ ಅಪ್ ವಿತ್' ಅನ್ನು ತಲೆಕೆಳಗು ಮಾಡಿ ಹಾಸ್ಯ ಮಾಡಿದ ವಾಕ್ಯವೊಂದನ್ನು ಚರ್ಚಿಲ್ ಹೆಸರಿಗೆ ಅಂಟಿಸಿದ್ದಾರೆ. ಅವರು ಹಾಗೆಂದದ್ದಕ್ಕೆ ಆಧಾರವಿಲ್ಲ.

ಚರ್ಚಿಲ್ ನಿಜವಾಗಿ ತಲೆಹಾಕಿದ ಇನ್ನೊಂದು ಪ್ರಕರಣ ಇದೆ. ಸಿ.ಕೆ. ಆಗ್ಡನ್ ಎಂಬವರು 1930ರಲ್ಲಿ 'ಬೇಸಿಕ್ ಇಂಗ್ಲಿಷ್' ಎಂಬ ಕಿರಿದುಗೊಳಿಸಿದ ಇಂಗ್ಲಿಷನ್ನು ಪ್ರಕಟಿಸಿದರು. ಒಟ್ಟು 850 ಪದ. ಅದರಲ್ಲಿ ಕ್ರಿಯಾಪದಗಳು ಬರೀ 18. ಚರ್ಚಿಲ್ 1943ರಲ್ಲಿ ಹಾರ್ವರ್ಡಿನಲ್ಲಿ ಭಾಷಣ ಮಾಡುತ್ತ ಇದನ್ನು ಹೊಗಳಿದರು. 18 ಕ್ರಿಯಾಪದಗಳಲ್ಲಿ ಜಗತ್ತಿನ ವ್ಯವಹಾರವೆಲ್ಲ ಹೇಗೆ ನಡೆದೀತು? ಬಾಲಗಳಿಂದ. 'ಎಂಟರ್' ಬೇಡ, 'ಗೋ ಇನ್' ಸಾಕು. 'ಕಂಟಿನ್ಯೂ' ಬೇಡ, 'ಗೋ ಆನ್' ಸಾಕು. ಲೆಕ್ಕ ಹಾಕಿದರೆ ಕಲಿಯುವವನ ಹೊರೆ ಇಳಿಯಿತು. ಆದರೆ 'ಗೋ' ಮತ್ತು 'ಆನ್' ಎರಡರ ಅರ್ಥವೂ ತಿಳಿದವನಿಗೆ ಮುಂದುವರಿಸು ಎಂಬ ಅರ್ಥ ತಾನಾಗಿ ಹೊಳೆಯುವುದಿಲ್ಲವಲ್ಲ. ಅದನ್ನು ಬೇರೆಯಾಗಿಯೇ ಕಲಿಯಬೇಕು. ಹೊರೆ ತಲೆಯಿಂದ ಹೆಗಲಿಗೆ ಬಂತು, ಅಷ್ಟೇ. ಬಾನುಲಿಯವರು ಇನ್ನೊಂದು ದಾರಿ ಹಿಡಿದರು. ವಾಯ್ಸ್ ಆಫ್ ಅಮೆರಿಕಾ 1959ರಲ್ಲಿ 'ಸ್ಪೆಷಲ್ ಇಂಗ್ಲಿಷ್' ಎಂಬ ಪ್ರಸಾರ ತೊಡಗಿತು: ಸುಮಾರು 1500 ಪದ, ನಿಧಾನದ ಓದು, ನುಡಿಗಟ್ಟುಗಳಿಗೆ ಜಾಗವಿರಲಿಲ್ಲ.

ಹಾಗೆ ದೂರವಿಡಲು ಕಾರಣವಿದೆ. ಒಂದೇ ಬಾಲ ಎರಡು ವಿರುದ್ಧ ಅರ್ಥ ಕೊಡುವುದುಂಟು. 'ದ ಲೈಟ್ಸ್ ವೆಂಟ್ ಆಫ್' ಅಂದರೆ ದೀಪ ಆರಿತು. 'ದ ಅಲಾರ್ಮ್ ವೆಂಟ್ ಆಫ್' ಅಂದರೆ ಅಲಾರಾಂ ಹೊಡೆದುಕೊಂಡಿತು. ಅರ್ಜಿಯನ್ನು 'ಫಿಲ್ ಇನ್' ಮಾಡಿದರೂ 'ಫಿಲ್ ಔಟ್' ಮಾಡಿದರೂ ಒಂದೇ. ನಾವು 'ಫಿಲ್ ಅಪ್' ಮಾಡುತ್ತೇವೆ. 'ಐ ಪಾಸ್ಡ್ ಔಟ್ ಇನ್ ಮೈಸೂರು' ಎಂದು ನಮ್ಮ ಹುಡುಗ ಅಮೆರಿಕದಲ್ಲಿ ಹೆಮ್ಮೆಯಿಂದ ಹೇಳಿದರೆ, ಅಲ್ಲಿಯವರಿಗೆ ಕೇಳುವುದು ಮೈಸೂರಿನಲ್ಲಿ ಮೂರ್ಛೆ ಹೋದೆ ಎಂದು. ಬಾಲವಿಲ್ಲದ 'ಕೋಪ್ ವಿತ್'ಗೆ ನಾವು 'ಅಪ್' ಒಂದನ್ನು ಕೈಯಿಂದ ಹಾಕಿ 'ಕೋಪ್ ಅಪ್ ವಿತ್' ಮಾಡಿಕೊಂಡಿರುವುದೂ ಇದೆ, ಪೂರ್ತಿ ಮಾಡಬೇಕೆಂಬ ನಮ್ಮ 'ಬಿಡು'ವಿನ ಚಪಲವೋ ಏನೋ.

ನಗುವ ಮಾತಲ್ಲದ ಒಂದು ಪ್ರಸಂಗವನ್ನೂ ಹೇಳಬೇಕು. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಎರಡು ಬೋಯಿಂಗ್ 747 ವಿಮಾನಗಳು ರನ್‌ವೇ ಮೇಲೆಯೇ ಡಿಕ್ಕಿಯಾಗಿ 583 ಜನ ಸತ್ತರು. ಒಂದು ಡಚ್ ಕಂಪನಿ ಕೆಎಲ್‌ಎಮ್‌ನದು, ಇನ್ನೊಂದು ಅಮೆರಿಕದ ಪ್ಯಾನ್ ಆಮ್‌ನದು. ದಟ್ಟ ಮಂಜು, ಹೊತ್ತು ಮೀರಿದ ಆತುರ, ಒಂದೇ ಕ್ಷಣದಲ್ಲಿ ಇಬ್ಬರು ಮಾತಾಡಿ ರೇಡಿಯೋದಲ್ಲಿ ಎದ್ದ ಕಿರುಚು ಸದ್ದು, ಎಲ್ಲವೂ ಸೇರಿ ಆದ ಅನಾಹುತ ಅದು. ಅವುಗಳ ನಡುವೆ ಒಂದು ವಾಕ್ಯವೂ ಇತ್ತು. 'ವಿ ಆರ್ ನೌ ಅಟ್ ಟೇಕಾಫ್' ಎಂದು ಡಚ್ ವಿಮಾನದಿಂದ ಮಾತು ಬಂತು. ಹಾರಲು ಓಟ ತೊಡಗಿದ್ದೇವೆ ಎಂಬುದು ಹೇಳಿದವರ ಮನಸ್ಸಿನಲ್ಲಿದ್ದದ್ದು. ಹಾರುವ ಜಾಗಕ್ಕೆ ಬಂದು ನಿಂತಿದ್ದೇವೆ ಎಂದು ಗೋಪುರದಲ್ಲಿದ್ದ ಸ್ಪೇನಿನ ನಿಯಂತ್ರಕ ತಿಳಿದರು. 'ನೌ' ಎಂಬ ಕ್ರಿಯಾವಿಶೇಷಣ ಈಗ ಎಂದಷ್ಟೇ ಹೇಳಿತು; ನಿಂತಿದೆಯೋ ಓಡುತ್ತಿದೆಯೋ ಎಂದು ಹೇಳಬೇಕಿದ್ದ ಕ್ರಿಯಾಪದ ನಾಮಪದವಾಗಿ ಗಡ್ಡೆ ಕಟ್ಟಿತ್ತು. ಅಲ್ಲಿಂದೀಚೆಗೆ 'ಟೇಕಾಫ್' ಎಂಬ ಪದವನ್ನು, ಹಾರಲು ಅನುಮತಿ ಕೊಡುವಾಗ ಇಲ್ಲವೆ ಕೊಟ್ಟದ್ದನ್ನು ಹಿಂತೆಗೆದುಕೊಳ್ಳುವಾಗ ಬಿಟ್ಟು, ವಾಯುಸಂಚಾರದ ರೇಡಿಯೋ ಮಾತಿನಲ್ಲಿ ಬಳಸುವಂತಿಲ್ಲ. ಉಳಿದ ಕಡೆ 'ಡಿಪಾರ್ಚರ್' ಅನ್ನಬೇಕು.

ವಿಮಾನ ರಿಪೇರಿಯ ಕೈಪಿಡಿಗಳಿಗೂ ಇಂಥದೇ ಒಂದು ಕಟ್ಟುನಿಟ್ಟಿನ ಇಂಗ್ಲಿಷ್ ಇದೆ. ಒಂದು ಪದಕ್ಕೆ ಒಂದೇ ಅರ್ಥ ಎಂಬುದು ಅದರ ಮೂಲಮಂತ್ರ. ಬಾಲದ ಕ್ರಿಯಾಪದಗಳಿಗೆ ಅಲ್ಲಿ ಬಹುಮಟ್ಟಿಗೆ ನಿಷೇಧ. ಹ್ಯಾಂಗರಿನಲ್ಲಿ ಸ್ಪ್ಯಾನರ್ ಹಿಡಿದು ನಿಂತವನಿಗೆ ಅದು ಬೇಕಾದದ್ದೇ. ಬೆಂಗಳೂರಿನಲ್ಲಿ ಈ ಮಡಿ ಇಂಗ್ಲಿಷನ್ನು ಬರೆಯುವ ಉದ್ಯೋಗದಲ್ಲಿರುವವರಿದ್ದಾರೆ.

ಅದೇ ಊರಿನಲ್ಲಿ, ರಾತ್ರಿ ಪಾಳಿಯಲ್ಲಿ ಅಮೆರಿಕದ ಗಿರಾಕಿಗಳ ಫೋನು ತೆಗೆದುಕೊಳ್ಳುವ ಹುಡುಗ ಹುಡುಗಿಯರಿಗೆ ಬೇಕಾದದ್ದು ತದ್ವಿರುದ್ಧ. ಅವರು ಬಾಲಗಳಲ್ಲೇ ಮುಳುಗಿ ಏಳಬೇಕು. 'ಹ್ಯಾಂಗ್ ಆನ್' ಅಂದರೆ ಸ್ವಲ್ಪ ತಾಳಿ, 'ಹ್ಯಾಂಗ್ ಅಪ್' ಅಂದರೆ ಫೋನ್ ಇಟ್ಟುಬಿಡಿ. ಬಾಲ ತಪ್ಪಿದರೆ ಗಿರಾಕಿ ಹೋದಂತೆ. 'ಐ ವಿಲ್ ಪುಟ್ ಯೂ ಥ್ರೂ' ಅಂದರೆ ಸಂಬಂಧಪಟ್ಟವರಿಗೆ ಲೈನ್ ಕೊಡುತ್ತೇನೆ. ಕೊನೆಗೆ 'ಐ ವಿಲ್ ಗೆಟ್ ರೈಟ್ ಬ್ಯಾಕ್ ಟು ಯೂ'. ಈ ಹೊತ್ತು ನಾವು ಮಾತಾಡಿದ್ದೆಲ್ಲ ಆ ಒಂದು ವಾಕ್ಯದೊಳಗೆ ಇದೆ: ಏನನ್ನೂ ಹೇಳದ ಪುಟ್ಟ ಕ್ರಿಯಾಪದ 'ಗೆಟ್', ಒತ್ತು ಹೊತ್ತ ಬಾಲ 'ಬ್ಯಾಕ್', ಆ ಬಾಲಕ್ಕೆ ಮಾತ್ರ ಸೇರಿದ ಕ್ರಿಯಾವಿಶೇಷಣ 'ರೈಟ್', ವಿಭಕ್ತಿಯಂತೆ ದುಡಿಯುವ 'ಟು'. 'ರೈಟ್' ಇಲ್ಲದಿದ್ದರೆ ತಿರುಗಿ ಫೋನ್ ಮಾಡುತ್ತೇನೆ ಎಂದಷ್ಟೇ ಆಗುತ್ತದೆ. ಅದು ಸೇರಿದರೆ ಕೂಡಲೇ ಮಾಡುತ್ತೇನೆ ಎಂಬ ಮಾತು ಕೊಟ್ಟಂತೆ. ಎಷ್ಟು ಹೊತ್ತಿಗೆ ಎಂಬುದನ್ನು ವ್ಯಾಕರಣ ಹೇಳುವುದಿಲ್ಲ. ಕಾದು ಕೂತ ಗಿರಾಕಿಗೆ ಗೊತ್ತಿರುತ್ತದೆ.